ಹಳೆಯ ಪಿಕಪ್ ಗಾಡಿಯ ಚಕ್ರದ ಬೇರಿಂಗ್ ಸದ್ದು: ಹಬ್ ಬಿಚ್ಚುವ ಮೊದಲು ಪತ್ತೆಹಚ್ಚುವ ಬಗೆ

ಹತ್ತು ಹನ್ನೆರಡು ವರ್ಷ ಹೊರೆ ಹೊತ್ತು ಓಡಿದ ಬೊಲೆರೋ ಪಿಕಪ್ ಅಥವಾ ಟಾಟಾ 207 ಗಾಡಿಯಲ್ಲಿ ವೇಗ ಗಂಟೆಗೆ 40 ಕಿಲೋಮೀಟರ್ ಸಮೀಪಿಸುತ್ತಿದ್ದಂತೆ ಕಾಲಡಿಯಿಂದ ರಾಗಿ ಬೀಸುವ ಕಲ್ಲಿನಂಥ ಗುರುಗುರು ಸದ್ದು ಏಳತೊಡಗಿದರೆ, ಚಾಲಕರು ಮೊದಲು ಆಡುವ ಮಾತು ‘ಬೇರಿಂಗ್ ಹೋಗಿದೆ’ ಎಂಬುದೇ. ಗ್ಯಾರೇಜಿನಲ್ಲಿ ನಡೆಯುವ ಪರೀಕ್ಷೆಯೂ ಬಹುಪಾಲು ಒಂದೇ ಬಗೆಯದು: ಜಾಕ್ ಕೊಟ್ಟು ಚಕ್ರವನ್ನು ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ, ಪ್ಲೇ, ಅಂದರೆ ಸಡಿಲಿನ ಅಲುಗಾಟ, ಇದ್ದರೆ ಬೇರಿಂಗ್ ಹಾಳಾಗಿದೆ, ಇಲ್ಲದಿದ್ದರೆ ಸರಿಯಾಗಿದೆ ಎಂದು ತೀರ್ಪು ಕೊಡುವುದು. ಈ ಪರೀಕ್ಷೆಯನ್ನು ಮಾಡಲೇಬೇಕು, ಆದರೆ ಇದೊಂದನ್ನೇ ನಂಬಬಾರದು. ಬೇರಿಂಗಿನೊಳಗಿನ ರೋಲರುಗಳ ಮೇಲ್ಮೈ ಕಿತ್ತುಹೋಗಿದ್ದರೂ, ಚಕ್ರದ ನಡುಭಾಗವಾದ ಹಬ್ಬನ್ನು ಹಿಡಿದಿಡುವ ನಟ್ ಬಿಗಿಯಾಗಿದ್ದರೆ ಚಕ್ರ ಅಲ್ಲಾಡುವುದಿಲ್ಲ; ಬೇರಿಂಗ್ ಹೊಸದೇ ಆಗಿದ್ದರೂ ನಟ್ ಸಡಿಲವಾಗಿದ್ದರೆ ಚಕ್ರ ಅಲ್ಲಾಡುತ್ತದೆ. ಒಂದರ ಮೇಲೊಂದು ಅವಲಂಬಿಸದ ಕನಿಷ್ಠ ಎರಡು ಪರೀಕ್ಷೆಗಳು ಒಂದೇ ಚಕ್ರದತ್ತ ಬೆರಳು ಮಾಡುವ ತನಕ ಹಬ್ ಬಿಚ್ಚಬಾರದು ಎಂಬುದು ನನ್ನ ನಿಲುವು, ಮತ್ತು ಈ ಬರಹದಲ್ಲಿ ಹೇಳುವ ಕ್ರಮವೆಲ್ಲ ಅದಕ್ಕೆ ತಕ್ಕಂತೆಯೇ ಇದೆ.

ಮೊದಲು ಒಳಗೆ ಏನಿದೆ ಎಂಬುದು ಗೊತ್ತಿರಬೇಕು. ಹಿಂಚಕ್ರಗಳು ಮಾತ್ರ ಎಳೆಯುವ ಈ ಬಗೆಯ ಹಳೆಯ ಪಿಕಪ್‌ಗಳಲ್ಲಿ ಮುಂದಿನ ಪ್ರತಿಯೊಂದು ಹಬ್ಬಿನೊಳಗೂ ಎರಡು ಟೇಪರ್ ರೋಲರ್ (ಓರೆಯಾಗಿ ಕೂತ ಉರುಳೆಗಳ) ಬೇರಿಂಗುಗಳಿರುತ್ತವೆ. ಒಳಗಡೆಯದು ದೊಡ್ಡದು, ಹೊರಗಡೆಯದು ಚಿಕ್ಕದು. ಹಬ್ಬಿಗೆ ಬಡಿದು ಕೂರಿಸಿದ ಹೊರ ಬಳೆಗೆ ಕಪ್ ಎಂದೂ, ರೋಲರುಗಳನ್ನು ಹೊತ್ತು ಸ್ಟಬ್ ಆಕ್ಸಲ್ (ಚಕ್ರವನ್ನು ಹೊರುವ ಗಿಡ್ಡ ಅಚ್ಚು) ಮೇಲೆ ಕೂರುವ ಒಳಭಾಗಕ್ಕೆ ಕೋನ್ ಎಂದೂ ಹೆಸರು. ಇಡೀ ಜೋಡಣೆಯನ್ನು ಹಿಡಿದಿಡುವುದು ಒಂದು ಕ್ಯಾಸಲ್ ನಟ್ (ಅಂಚಿನಲ್ಲಿ ಸೀಳುಗಳಿರುವ ನಟ್) ಮತ್ತು ಅದು ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್. ಒಳಬದಿಯ ಆಯಿಲ್ ಸೀಲ್ ಗ್ರೀಸನ್ನು ಒಳಗೂ ನೀರು ಧೂಳನ್ನು ಹೊರಗೂ ಇಡುತ್ತದೆ. ಹಿಂಬದಿಯಲ್ಲಿ ಗಾಡಿಯಿಂದ ಗಾಡಿಗೆ ವ್ಯತ್ಯಾಸವಿದೆ: ಕೆಲವು ಗಾಡಿಗಳಲ್ಲಿ ಆಕ್ಸಲ್ ಶಾಫ್ಟಿನ ತುದಿಯಲ್ಲೇ ಒಂದು ಬೇರಿಂಗನ್ನು ಕಾಲರ್ ಸಮೇತ ಪ್ರೆಸ್ ಮಾಡಿ ಕೂರಿಸಿರುತ್ತಾರೆ, ಭಾರ ಹೊರುವ ಇನ್ನು ಕೆಲವು ಗಾಡಿಗಳಲ್ಲಿ ಆಕ್ಸಲ್ ಟ್ಯೂಬಿನ ಮೇಲೆ ಮುಂಚಕ್ರದಂತೆಯೇ ಎರಡು ಟೇಪರ್ ಬೇರಿಂಗುಗಳ ಹಬ್ ಇರುತ್ತದೆ. ನಾಲ್ಕೂ ಚಕ್ರ ಎಳೆಯುವ ಮಾದರಿಗಳ ಮುಂದಿನ ಹಬ್ ಬೇರೆಯದೇ ವಿಷಯವಾದ್ದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಟೇಪರ್ ಬೇರಿಂಗ್ ತಾನಾಗಿ ಸವೆದು ಸಾಯುವುದಕ್ಕಿಂತ ಹೆಚ್ಚಾಗಿ ನಮ್ಮ ಕೈಯಿಂದಲೇ ಕೆಡುತ್ತದೆ. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಕ್ರೇಟುಗಳನ್ನು ನಿಗದಿತ ಭಾರ ಮೀರಿ ಹೇರಿಕೊಂಡು ಬರುವ ಗಾಡಿಗೂ, ಮಲೆನಾಡಿನಲ್ಲಿ ಹಳ್ಳದ ನೀರು ದಾಟಿ ತೋಟಕ್ಕೆ ಇಳಿಯುವ ಗಾಡಿಗೂ ಬರುವ ಕಾಯಿಲೆ ಬೇರೆ ಬೇರೆ. ಮೊದಲನೆಯದರಲ್ಲಿ ಲೋಹ ದಣಿದು ಕಪ್ಪಿನ ಮೇಲ್ಮೈಯಿಂದ ಚೂರುಗಳು ಏಳುತ್ತವೆ. ಎರಡನೆಯದರಲ್ಲಿ ಬಿಸಿಯಾದ ಹಬ್ ತಟ್ಟನೆ ತಣ್ಣೀರಿಗೆ ಇಳಿದು, ಸವೆದ ಸೀಲಿನ ಅಂಚಿನಿಂದ ನೀರು ಒಳಗೆ ಎಳೆದುಕೊಂಡು, ನಿಂತ ಜಾಗದಲ್ಲೇ ರೋಲರುಗಳಿಗೆ ತುಕ್ಕು ಹತ್ತುತ್ತದೆ. ಸರ್ವೀಸ್ ಸ್ಟೇಷನ್ನಿನ ಒತ್ತಡದ ನೀರನ್ನು ನೇರವಾಗಿ ಸೀಲಿನ ಮೇಲೆ ಬಿಡುವುದರಿಂದಲೂ ಇದೇ ಆಗುತ್ತದೆ. ಗ್ರೀಸ್ ತುಂಬಿದ ಮೇಲೆ ‘ಗಟ್ಟಿಯಾಗಿರಲಿ’ ಎಂದು ನಟ್ಟನ್ನು ಬಲವಾಗಿ ಎಳೆಯುವುದು ಮೂರನೆಯ ಕಾರಣ, ಮತ್ತು ನನ್ನ ಅಂದಾಜಿನಲ್ಲಿ ಹೊಸ ಬೇರಿಂಗ್ ಬೇಗ ಹೋಗುವುದಕ್ಕೆ ಮುಖ್ಯ ಕಾರಣ.

ರಸ್ತೆಯಲ್ಲಿ ಆಲಿಸುವುದು

ಪತ್ತೆಯ ಕೆಲಸ ಆರಂಭವಾಗಬೇಕಾದದ್ದು ಜಾಕಿನಿಂದಲ್ಲ, ರಸ್ತೆಯಿಂದ. ಹೊರಡುವ ಮುನ್ನ ನಾಲ್ಕೂ ಟೈರುಗಳ ಗಾಳಿಯನ್ನು ನಿಗದಿತ ಮಟ್ಟಕ್ಕೆ ತಂದು, ವೀಲ್ ನಟ್ಟುಗಳು ಬಿಗಿಯಾಗಿವೆಯೇ ಎಂದು ನೋಡಿ, ಹಿಂದಿನ ಡಾಲಾದಲ್ಲಿ ಸರಪಳಿ, ಹೆಚ್ಚುವರಿ ಚಕ್ರ, ಖಾಲಿ ಕ್ರೇಟ್ ಮುಂತಾಗಿ ಸದ್ದು ಮಾಡುವ ಸಾಮಾನುಗಳನ್ನು ಇಳಿಸಬೇಕು. ನಂತರ ವಾಹನ ಸಂಚಾರ ಕಡಿಮೆಯಿರುವ, ನುಣುಪಾದ ಡಾಂಬರಿನ ನೇರ ರಸ್ತೆಯಲ್ಲಿ ನಿಧಾನವಾಗಿ ವೇಗ ಹೆಚ್ಚಿಸುತ್ತ ಸದ್ದು ಎಲ್ಲಿ ಹುಟ್ಟುತ್ತದೆ, ಎಲ್ಲಿ ಜೋರಾಗುತ್ತದೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಪಕ್ಕದಲ್ಲಿ ಇನ್ನೊಬ್ಬರು ಕುಳಿತಿದ್ದರೆ ಆಲಿಸುವ ಕೆಲಸವನ್ನು ಅವರಿಗೆ ಬಿಡುವುದು ಒಳ್ಳೆಯದು. ಆದರೆ ಚೆನ್ನಾಗಿ ಕೇಳಲಿ ಎಂದು ಯಾರನ್ನೂ ಓಡುವ ಗಾಡಿಯ ಡಾಲಾದಲ್ಲಿ ಕೂರಿಸಬಾರದು. ಸೇತುವೆಯ ತಡೆಗೋಡೆ ಅಥವಾ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಕಿಟಕಿ ಇಳಿಸಿ ಸಾಗಿದರೆ ಆ ಬದಿಯ ಚಕ್ರಗಳ ಸದ್ದು ಗೋಡೆಗೆ ಬಡಿದು ಮರಳುವುದರಿಂದ ಎಡಬಲದ ವ್ಯತ್ಯಾಸ ಸ್ಪಷ್ಟವಾಗಿ ಕೇಳುತ್ತದೆ.

ಸದ್ದು ಎಂಜಿನ್ನಿನದೋ ಚಕ್ರದ್ದೋ ಎಂಬ ಪ್ರಶ್ನೆಯನ್ನು ಸುಲಭವಾಗಿ ಇತ್ಯರ್ಥ ಮಾಡಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು ಗಾಡಿಯನ್ನು ಅದರ ಪಾಡಿಗೆ ಓಡಲು ಬಿಟ್ಟಾಗ, ಎಂಜಿನ್ ಐಡ್ಲಿಂಗ್‌ಗೆ ಇಳಿದರೂ ಗುರುಗುರು ಹಾಗೆಯೇ ಉಳಿದು ಗಾಡಿಯ ವೇಗದ ಜೊತೆಗೆ ಮಾತ್ರ ಇಳಿಯುತ್ತ ಬಂದರೆ, ಅದು ಚಕ್ರ, ಟೈರ್, ಪ್ರೊಪೆಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಉದ್ದನೆಯ ದಂಡ) ಅಥವಾ ಹಿಂದಿನ ಆಕ್ಸಲಿನ ಕಡೆಯದು. ಈ ಪರೀಕ್ಷೆಯಲ್ಲಿ ಎಂಜಿನ್ ಆಫ್ ಮಾಡುವುದು ಅಪಾಯಕಾರಿ, ಏಕೆಂದರೆ ಬ್ರೇಕಿನ ವ್ಯಾಕ್ಯೂಮ್ ಸಹಾಯ ಮತ್ತು ಪವರ್ ಸ್ಟೀರಿಂಗ್ ಎರಡೂ ನಿಲ್ಲುತ್ತವೆ. ಕೀಲಿಯನ್ನು ಪೂರ್ತಿ ತಿರುಗಿಸಿ ಹೊರತೆಗೆದರೆ ಸ್ಟೀರಿಂಗ್ ಲಾಕ್ ಆಗುವ ಸಾಧ್ಯತೆಯೂ ಇದೆ. ಇಳಿಜಾರಿನ ಘಾಟಿಯಲ್ಲಂತೂ ಈ ಪ್ರಯೋಗವೇ ಬೇಡ.

ಮುಂದಿನದು ಎಡಬಲಕ್ಕೆ ಭಾರ ಹೊರಳಿಸುವ ಪರೀಕ್ಷೆ. ಗಾಡಿ ಎಡಕ್ಕೆ ತಿರುಗುವಾಗ ಅದರ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ, ಬಲಕ್ಕೆ ತಿರುಗುವಾಗ ಎಡಗಡೆಯ ಚಕ್ರಗಳ ಮೇಲೆ. ಅಗಲವಾದ ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರಿನ ಆಸುಪಾಸಿನಲ್ಲಿ ಸ್ಟೀರಿಂಗನ್ನು ನವಿರಾಗಿ ಅತ್ತಿತ್ತ ತಿರುಗಿಸಿದಾಗ, ಅಥವಾ ಇನ್ನೂ ಸುರಕ್ಷಿತವಾಗಿ ದೀರ್ಘವಾದ ತಿರುವೊಂದರಲ್ಲಿ ಸಾಗುವಾಗ, ಎಡಕ್ಕೆ ಹೋದರೆ ಸದ್ದು ಜೋರಾಗಿ ಬಲಕ್ಕೆ ಹೋದರೆ ಅಡಗಿದರೆ ಬಲಬದಿಯ ಬೇರಿಂಗಿನ ಮೇಲೆ ಅನುಮಾನ ಪಡಬೇಕು. ಇದನ್ನು ಕಟ್ಟುನಿಟ್ಟಿನ ನಿಯಮವೆಂದು ತಿಳಿಯಬಾರದು. ಎರಡು ಟೇಪರ್ ಬೇರಿಂಗುಗಳು ಎದುರುಬದುರು ಮುಖ ಮಾಡಿ ಕೂತಿರುವ ಹಬ್ಬಿನಲ್ಲಿ ಪಕ್ಕದಿಂದ ಬೀಳುವ ಒತ್ತಡದ ದಿಕ್ಕು ಬದಲಾದಂತೆ ಅದನ್ನು ಹೊರುವ ಬೇರಿಂಗೂ ಬದಲಾಗುತ್ತದೆ; ಹಾಳಾಗಿರುವುದು ಒಳಗಿನದೋ ಹೊರಗಿನದೋ ಎಂಬುದರ ಮೇಲೆ ಉತ್ತರ ತಿರುಗುಮುರುಗಾಗಬಹುದು. ಹಾಗಾಗಿ ತಿರುವಿನಲ್ಲಿ ಸದ್ದು ಬದಲಾಗುತ್ತದೆ ಎಂಬುದೇ ಇಲ್ಲಿ ಗಟ್ಟಿಯಾದ ಸುಳಿವು, ಯಾವ ಬದಿ ಎಂಬುದನ್ನು ಮುಂದಿನ ಪರೀಕ್ಷೆಗಳು ಖಚಿತಪಡಿಸಬೇಕು. ಇದೇ ಪರೀಕ್ಷೆಯನ್ನು ಖಾಲಿ ಗಾಡಿಯಲ್ಲೊಮ್ಮೆ, ನಿಗದಿತ ಭಾರ ಹೇರಿ ಇನ್ನೊಮ್ಮೆ ಮಾಡಿದರೆ ಹಿಂಚಕ್ರದ ಬೇರಿಂಗ್ ತನ್ನನ್ನು ತಾನೇ ತೋರಿಸಿಕೊಡುತ್ತದೆ, ಏಕೆಂದರೆ ಪಿಕಪ್ಪಿನಲ್ಲಿ ಹೇರಿದ ಭಾರದ ಬಹುಪಾಲು ಬೀಳುವುದು ಹಿಂದಿನ ಆಕ್ಸಲಿನ ಮೇಲೆ.

ಒಂದು ಸಣ್ಣ ಲೆಕ್ಕವೂ ಉಪಯೋಗಕ್ಕೆ ಬರುತ್ತದೆ. 215/75 ಆರ್15 ಅಳತೆಯ ಟೈರಿನ ಸುತ್ತಳತೆ ಸುಮಾರು 2.2 ಮೀಟರ್, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಏಳೂವರೆ ಸುತ್ತು ತಿರುಗುತ್ತದೆ. ಟೈರಿನ ಒಂದೇ ಜಾಗದಲ್ಲಿ ಉಬ್ಬು ಅಥವಾ ಚಪ್ಪಟೆಯಿದ್ದರೆ ಅಷ್ಟೇ ಸಲ ದಬದಬ ಬಡಿತ ಕೇಳುತ್ತದೆ. ಹಿಂದಿನ ಆಕ್ಸಲಿನೊಳಗಿನ ಹಲ್ಲುಚಕ್ರಗಳ ಜೋಡಿಯಾದ ಕ್ರೌನ್ ಪಿನಿಯನ್ ಅನುಪಾತ ನಾಲ್ಕರ ಸುಮಾರಿಗಿದ್ದರೆ ಪ್ರೊಪೆಲರ್ ಶಾಫ್ಟ್ ಅದೇ ವೇಗದಲ್ಲಿ ಸೆಕೆಂಡಿಗೆ ಮೂವತ್ತು ಸುತ್ತು ತಿರುಗುವುದರಿಂದ ಅದರ ದೋಷ ಬಿಡಿ ಬಡಿತವಾಗಿ ಕೇಳದೆ ಒಂದೇ ಸಮನೆಯ ಗುಂಯ್ ಸದ್ದಾಗಿಯೋ, ಸೀಟಿಗೆ ತಾಗುವ ನಡುಕವಾಗಿಯೋ ಬರುತ್ತದೆ. ಬೇರಿಂಗಿನಲ್ಲಿ ರೋಲರುಗಳು ಹಲವಿರುವುದರಿಂದ, ಕಪ್ಪಿನ ಮೇಲಿನ ಒಂದೇ ಗುಳಿಯನ್ನು ಚಕ್ರದ ಪ್ರತಿ ಸುತ್ತಿನಲ್ಲೂ ಹಲವು ರೋಲರುಗಳು ದಾಟುತ್ತವೆ. ಎಣಿಸಬಲ್ಲ ಬಡಿತಕ್ಕಿಂತ ಬೀಸುವ ಸದ್ದು ಬೇರಿಂಗಿನ ಗುರುತಾಗಿರುವುದು ಇದೇ ಕಾರಣಕ್ಕೆ.

ಬೇರಿಂಗಿನ ವೇಷ ಹಾಕುವ ಬೇರೆ ಸದ್ದುಗಳು

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಟೈರ್. ಅಲೈನ್‌ಮೆಂಟ್ ತಪ್ಪಿದ ಅಥವಾ ಶಾಕ್ ಅಬ್ಸಾರ್ಬರ್ ಸತ್ತ ಗಾಡಿಯ ಮುಂದಿನ ಟೈರುಗಳು ಗರಗಸದ ಹಲ್ಲಿನಂತೆ ಒಂದಂಚು ಎತ್ತರ, ಇನ್ನೊಂದಂಚು ತಗ್ಗಾಗಿ ಸವೆಯುತ್ತವೆ, ಮತ್ತು ಅವು ಹೊರಡಿಸುವ ಸದ್ದನ್ನು ಅನುಭವಿಗಳ ಕಿವಿಯೂ ಬೇರಿಂಗ್ ಎಂದೇ ತಿಳಿಯುತ್ತದೆ. ಗಾಡಿ ನಿಲ್ಲಿಸಿ, ತಂತಿಯ ತುದಿಗಳು ಹೊರಬಂದಿಲ್ಲವೆಂದು ಕಣ್ಣಿನಿಂದ ಖಚಿತಪಡಿಸಿಕೊಂಡು, ಅಂಗೈಯನ್ನು ಟೈರಿನ ಮೇಲೆ ಮೊದಲು ಒಂದು ದಿಕ್ಕಿಗೆ, ಆಮೇಲೆ ಎದುರು ದಿಕ್ಕಿಗೆ ಸವರಬೇಕು. ಒಂದು ಕಡೆಗೆ ನುಣುಪಾಗಿ ಜಾರಿದ ಕೈ ಮರಳುವಾಗ ಬ್ಲಾಕುಗಳ ಅಂಚಿಗೆ ಸಿಕ್ಕಿ ತಡೆದರೆ ಟೈರಿನ ಮೇಲಿನ ಅನುಮಾನ ಬಲವಾಗುತ್ತದೆ. ಟೈರಿನ ಸದ್ದು ರಸ್ತೆಯ ಮೇಲ್ಮೈಗೆ ತಕ್ಕಂತೆ ಬದಲಾಗುತ್ತದೆ: ಒರಟು ಡಾಂಬರಿನಲ್ಲಿ ಒಂದು ತೆರ, ಕಾಂಕ್ರೀಟಿನಲ್ಲಿ ಇನ್ನೊಂದು ತೆರ, ಮಣ್ಣಿನ ದಾರಿಯಲ್ಲಿ ಬಹುತೇಕ ಮಾಯ. ಬೇರಿಂಗಿನ ಸದ್ದಿಗೆ ರಸ್ತೆಯ ಹಂಗಿಲ್ಲ. ಇಷ್ಟಾದರೂ ಸಂಶಯ ಉಳಿದರೆ ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಮತ್ತೆ ಓಡಿಸಬೇಕು. ಸದ್ದು ಟೈರಿನ ಜೊತೆಗೇ ಜಾಗ ಬದಲಿಸಿದರೆ ತಪ್ಪಿತಸ್ಥ ಯಾರೆಂದು ತಿಳಿದಂತಾಯಿತು. ಅರ್ಧ ಗಂಟೆಯ ಈ ಕೆಲಸಕ್ಕೆ ಬೇಸರಪಟ್ಟು ಬೇರಿಂಗ್ ಬದಲಿಸಿದವರು ಅದೇ ಸದ್ದಿನೊಂದಿಗೆ ಮನೆಗೆ ಮರಳುವುದು ತೀರ ಸಾಮಾನ್ಯ.

ಹಿಂದಿನ ಆಕ್ಸಲಿನ ನಡುವೆ ಕೂತು ಎರಡೂ ಚಕ್ರಗಳಿಗೆ ಎಳೆತ ಹಂಚುವ ಡಿಫರೆನ್ಶಿಯಲ್ಲಿನ ಸದ್ದಿಗೆ ಆಕ್ಸಿಲರೇಟರಿನ ಜೊತೆ ನಂಟಿದೆ. ಎಳೆಯುವಾಗ ಕೊರೆಯುವ ಸದ್ದು ಕಾಲು ತೆಗೆದ ಕೂಡಲೇ ನಿಂತರೆ, ಅಥವಾ ಕಾಲು ತೆಗೆದಾಗಲೇ ಶುರುವಾದರೆ, ಕ್ರೌನ್ ಪಿನಿಯನ್ ಅಥವಾ ಪಿನಿಯನ್ ಬೇರಿಂಗನ್ನು ನೋಡಬೇಕು, ಮತ್ತು ಮೊದಲು ಹೌಸಿಂಗಿನ ಆಯಿಲ್ ಮಟ್ಟ ಪರೀಕ್ಷಿಸಬೇಕು. ಎರಡು ತುಂಡಿನ ಪ್ರೊಪೆಲರ್ ಶಾಫ್ಟ್ ಇರುವ ಗಾಡಿಯಲ್ಲಿ ಸೆಂಟರ್ ಬೇರಿಂಗ್ ಹೋದರೆ ಸದ್ದು ಕ್ಯಾಬಿನ್ನಿನ ಹಿಂಭಾಗದಿಂದ ಬರುತ್ತದೆ. ಸ್ಟೀರಿಂಗ್ ತಿರುಗಿಸಿದರೆ ಅದು ಬದಲಾಗುವುದಿಲ್ಲ. ಹೊರಡುವಾಗ ಒಮ್ಮೆ ‘ಟಕ್’ ಎನ್ನುವುದು ಪ್ರೊಪೆಲರ್ ಶಾಫ್ಟಿನ ಕೀಲಾದ ಕ್ರಾಸ್ ಜಾಯಿಂಟಿನ ಮಾತು, ಬೇರಿಂಗಿನದಲ್ಲ.

ಶಾಖದಿಂದ ಸಿಗುವ ಸಾಕ್ಷಿಯೂ ಒಳ್ಳೆಯದೇ. ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ, ಕೊನೆಯ ದೂರವನ್ನು ಆದಷ್ಟೂ ಬ್ರೇಕ್ ಮುಟ್ಟದೆ ಸಾಗಿ, ತಾನಾಗಿ ನಿಧಾನಗೊಳ್ಳುವಂತೆ ನಿಲ್ಲಿಸಿದ ಮೇಲೆ ಎಡಬಲದ ಹಬ್ಬುಗಳ ಒಂದೇ ಜಾಗದ ಶಾಖವನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಹೋಲಿಸಬೇಕು. ಹೊಳೆಯುವ ಲೋಹದ ಮೇಲೆ ಈ ಉಪಕರಣ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಆದ್ದರಿಂದ ಎರಡೂ ಕಡೆ ಕಪ್ಪಾದ ಅಥವಾ ಬಣ್ಣ ಬಳಿದ ಭಾಗವನ್ನೇ ಆರಿಸಬೇಕು. ಉಪಕರಣ ಇಲ್ಲದಿದ್ದರೆ ಕೈಯನ್ನು ಮುಟ್ಟಿಸದೆ ಹತ್ತಿರ ಹಿಡಿದು ಮೊದಲು ಕಾವು ನೋಡಿ, ಆಮೇಲಷ್ಟೇ ಬೆರಳಿನ ಹಿಂಭಾಗದಿಂದ ಕ್ಷಣಮಾತ್ರ ಮುಟ್ಟಬಹುದು. ಒಂದು ಕಡೆ ಮಾತ್ರ ಎದ್ದು ಕಾಣುವಷ್ಟು ಬಿಸಿಯಿದ್ದರೆ ಬೇರಿಂಗ್ ಇರಬಹುದು, ಹಿಡಿದುಕೊಂಡ ಬ್ರೇಕೂ ಇರಬಹುದು. ಚಕ್ರ ಎತ್ತಿ ತಿರುಗಿಸಿದಾಗ ಅದು ಬಿಡಿಯಾಗಿ ತಿರುಗುತ್ತದೆಯೇ ಎಂಬುದರಿಂದ ಎರಡನ್ನೂ ಬೇರ್ಪಡಿಸಬಹುದು.

ಜಾಕ್ ಕೊಟ್ಟ ಮೇಲೆ

ಗಟ್ಟಿಯಾದ ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಎತ್ತದ ಚಕ್ರಗಳಿಗೆ ಎರಡೂ ಬದಿಯಿಂದ ಕಲ್ಲು ಅಥವಾ ಮರದ ತುಂಡು ಅಡ್ಡ ಕೊಟ್ಟು, ಎತ್ತಿದ ಆಕ್ಸಲಿನ ಕೆಳಗೆ ಸ್ಟ್ಯಾಂಡ್ ಇಟ್ಟ ಮೇಲೆಯೇ ಮುಂದಿನ ಕೆಲಸ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಚಕ್ರವನ್ನು ಬಲವಾಗಿ ಅಲ್ಲಾಡಿಸುವುದು ಗ್ಯಾರೇಜುಗಳಲ್ಲಿ ದಿನವೂ ನಡೆಯುತ್ತದೆ ಎಂಬ ಕಾರಣಕ್ಕೆ ಅದು ಸುರಕ್ಷಿತವಾಗುವುದಿಲ್ಲ.

ಮುಂಚಕ್ರವನ್ನು ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಒಂದು ಕೈ ತಳ್ಳಿದಾಗ ಇನ್ನೊಂದು ಕೈ ಎಳೆಯುವಂತೆ ಅಲ್ಲಾಡಿಸಿ, ಪ್ಲೇ ಕಂಡರೆ ಕ್ಯಾಬಿನ್ನಿನಲ್ಲಿರುವವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಬೇಕು. ಬ್ರೇಕ್ ಒತ್ತಿದಾಗ ಡಿಸ್ಕು, ಅದನ್ನು ಪ್ಯಾಡುಗಳಿಂದ ಹಿಡಿಯುವ ಕ್ಯಾಲಿಪರ್, ಸ್ಟಬ್ ಆಕ್ಸಲ್ ಹೊತ್ತ ತಿರುಗದ ಭಾಗವಾದ ನಕಲ್ ಒಂದೇ ತುಂಡಾಗುವುದರಿಂದ ಬೇರಿಂಗಿನ ಪ್ಲೇ ಮಾಯವಾಗುತ್ತದೆ. ಬ್ರೇಕ್ ಒತ್ತಿದರೂ ಚಕ್ರ ಅಲ್ಲಾಡುತ್ತಲೇ ಇದ್ದರೆ ಆ ಪ್ಲೇ ನಕಲ್ ಹೊರಳುವ ಕೀಲಾದ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟಿನದು. ಮೂರು ಮತ್ತು ಒಂಬತ್ತರ ಜಾಗದಲ್ಲಿ ಮಾತ್ರ ಪ್ಲೇ ಇದ್ದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ತುದಿಗಳನ್ನು ನೋಡಬೇಕು. ಓಡಿಸುವಾಗ ದೊಡ್ಡ ತಿರುವಿನ ನಂತರ ಮೊದಲ ಸಲ ಒತ್ತಿದ ಬ್ರೇಕ್ ಪೆಡಲ್ ಕೆಳಕ್ಕೆ ಇಳಿದು ಎರಡನೆಯ ಸಲಕ್ಕೆ ಸರಿಯಾಗುತ್ತಿದ್ದರೆ, ವಾಲಿದ ಡಿಸ್ಕು ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತಿದೆ ಎಂದರ್ಥ. ಅದು ಹಬ್ಬಿನಲ್ಲಿ ಪ್ಲೇ ಹೆಚ್ಚಾಗಿರುವುದರ ಲಕ್ಷಣವಾಗಿರಬಹುದು, ಮತ್ತು ಅಂಥ ಗಾಡಿಯನ್ನು ಮುಂದೆ ಓಡಿಸಬಾರದು.

ಆಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿ, ಇನ್ನೊಂದು ಕೈಯ ಬೆರಳುಗಳನ್ನು ಸ್ಟೀರಿಂಗ್ ಆರ್ಮ್ ಅಥವಾ ಸ್ಪ್ರಿಂಗಿನ ಮೇಲೆ ಇಟ್ಟು ನಡುಕವನ್ನು ಗಮನಿಸಬೇಕು. ಒಳ್ಳೆಯ ಬೇರಿಂಗ್ ಇರುವ ಕಡೆ ಬೆರಳಿಗೆ ಏನೂ ತಾಗುವುದಿಲ್ಲ. ಕೆಟ್ಟದ್ದಿದ್ದರೆ ಮರಳು ಸಿಕ್ಕಿಕೊಂಡಂಥ ಕಿರುಕಂಪನ ಸ್ಪಷ್ಟವಾಗಿ ಬರುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಿರುಗದ ನಕಲ್ ಭಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ತಾಗಿಸಿದರೆ ಅದೇ ಕಂಪನ ಸದ್ದಾಗಿ ಕೇಳುತ್ತದೆ. ಪ್ಯಾಡುಗಳು ಡಿಸ್ಕಿಗೆ ಸವರುವ ಹಗುರ ಸಿರ್‌ಸಿರ್ ಸದ್ದನ್ನು ಬೇರಿಂಗೆಂದು ತಿಳಿಯಬಾರದು. ಎರಡೂ ಬದಿಯನ್ನು ಹೋಲಿಸುವುದೇ ಇಲ್ಲಿನ ಗುಟ್ಟು. ಎತ್ತಿದ ಚಕ್ರದ ಮೇಲೆ ಭಾರ ಇರುವುದಿಲ್ಲವಾದ್ದರಿಂದ, ಇಲ್ಲಿ ಮೌನವಾಗಿದ್ದ ಬೇರಿಂಗ್ ರಸ್ತೆಯಲ್ಲಿ ಗುರುಗುಟ್ಟಬಹುದು ಎಂಬುದನ್ನೂ ಮರೆಯಬಾರದು.

ಹಿಂಚಕ್ರಗಳ ವಿಷಯದಲ್ಲಿ ಒಂದು ಉಪಾಯವಿದೆ. ಮುಂದಿನ ಚಕ್ರಗಳಿಗೆ ಭದ್ರವಾಗಿ ಅಡ್ಡ ಕೊಟ್ಟು, ಹಿಂದಿನ ಎರಡೂ ಚಕ್ರಗಳನ್ನು ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಎಂಜಿನ್ ಆಫ್ ಮಾಡಿ ಗೇರಿನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಬಿಡಿಸಿದ ಮೇಲೆ ಒಂದು ಚಕ್ರವನ್ನು ತಿರುಗಿಸಿದರೆ ಇನ್ನೊಂದು ಚಕ್ರ ಎದುರು ದಿಕ್ಕಿಗೆ ತಿರುಗುತ್ತದೆ. ಆಗ ಪ್ರೊಪೆಲರ್ ಶಾಫ್ಟ್, ಪಿನಿಯನ್, ಕ್ರೌನ್ ಯಾವುವೂ ತಿರುಗುವುದಿಲ್ಲ, ಆದ್ದರಿಂದ ಕೇಳುವ ಒರಟು ಸದ್ದು ಬಹುಮಟ್ಟಿಗೆ ಚಕ್ರದ ಬೇರಿಂಗಿನದೇ. ನಂತರ ನ್ಯೂಟ್ರಲ್‌ಗೆ ತಂದು ಇಬ್ಬರು ಸೇರಿ ಎರಡೂ ಚಕ್ರಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಮಾತ್ರ ಹೊಸ ಸದ್ದು ಸೇರಿಕೊಂಡರೆ ಅದು ಡಿಫರೆನ್ಶಿಯಲ್ ಕಡೆಯದು. ಲಾಕಿಂಗ್ ಡಿಫರೆನ್ಶಿಯಲ್ (ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಬಂಧಿಸಬಲ್ಲದ್ದು) ಇಲ್ಲದ ಗಾಡಿಗೆ ಮಾತ್ರ ಈ ಮಾತು ಅನ್ವಯಿಸುತ್ತದೆ. ಎತ್ತಿದ ಚಕ್ರಗಳನ್ನು ಎಂಜಿನ್ನಿನಿಂದ ಓಡಿಸಿ ನೋಡುವ ಪದ್ಧತಿಯನ್ನು ಮನೆಯಂಗಳದಲ್ಲಿ ಅನುಸರಿಸಬಾರದು. ಡ್ರಮ್ಮಿನ ಹಿಂಬದಿಯ ತಟ್ಟೆಯ ಕೆಳ ಅಂಚಿನಲ್ಲಿ ಆಯಿಲ್ ಒಸರಿದ ಕಲೆಯಿದ್ದರೆ ಸೀಲ್ ಹೋಗಿದೆ; ಅಲ್ಲಾಡುವ ಶಾಫ್ಟು ಸೀಲನ್ನು ತಿಂದಿರುವ ಸಾಧ್ಯತೆಯಿದೆ, ಬ್ರೇಕ್ ಲೈನರ್ ಎಣ್ಣೆ ಕುಡಿದಿರುವ ಸಾಧ್ಯತೆಯೂ ಇದೆ.

ಬಿಚ್ಚಿದ ಮೇಲೆ ಓದುವುದು

ಎರಡು ಪರೀಕ್ಷೆಗಳು ಒಂದೇ ಹಬ್ಬನ್ನು ತೋರಿಸಿದ ಮೇಲೆ ಅದನ್ನು ಬಿಚ್ಚಬಹುದು. ಕ್ಯಾಲಿಪರನ್ನು ಬ್ರೇಕ್ ಹೋಸಿನ ಮೇಲೆ ಜೋತುಬಿಡದೆ ತಂತಿಯಿಂದ ಕಟ್ಟಿ ನೇತುಹಾಕಿ, ಹಬ್ ಕ್ಯಾಪ್, ಸ್ಪ್ಲಿಟ್ ಪಿನ್, ನಟ್, ವಾಷರ್ ತೆಗೆದು ಹಬ್ಬನ್ನು ಎಳೆದುಕೊಂಡಾಗ ಮೊದಲು ನೋಡಬೇಕಾದದ್ದು ಗ್ರೀಸನ್ನು. ಹಾಲು ಬೆರೆಸಿದಂತೆ ಬಿಳಿಚಿಕೊಂಡ ಗ್ರೀಸ್ ನೀರು ಹೊಕ್ಕಿದೆ ಎನ್ನುತ್ತದೆ, ಕಪ್ಪಾಗಿ ಒಣಗಿದ್ದು ಅತಿ ಶಾಖವನ್ನು ಸೂಚಿಸುತ್ತದೆ, ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದಾಗ ಬೆಳ್ಳಿಯ ಹುಡಿಯಂತೆ ಮಿನುಗಿದರೆ ಲೋಹ ಸವೆಯುತ್ತಿದೆ. ನಂತರ ಬೇರಿಂಗನ್ನು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯಿಂದ ಒರೆಸಬೇಕು. ಕಂಪ್ರೆಸರ್ ಗಾಳಿಯಿಂದ ಅದನ್ನು ಗಿರಗಿರ ತಿರುಗಿಸುವುದು ಬೇರಿಂಗಿಗೂ ಕಣ್ಣಿಗೂ ಕೇಡು.

ಕಪ್ಪಿನ ಒಳಮೈಯ ಮೇಲೆ ಉಗುರು ಎಳೆದಾಗ ಎಲ್ಲಿಯಾದರೂ ಸಿಕ್ಕಿಕೊಂಡರೆ ಆ ಬೇರಿಂಗಿನ ಕಥೆ ಮುಗಿಯಿತು. ರೋಲರುಗಳಷ್ಟೇ ಅಂತರದಲ್ಲಿ ಸಾಲಾಗಿ ಮೂಡಿದ ಸಣ್ಣ ಗೆರೆಗಳು ಗುಂಡಿಗೆ ಬಿದ್ದ ಪೆಟ್ಟಿನಿಂದಲೋ, ಕೂರಿಸುವಾಗ ಸುತ್ತಿಗೆಯಿಂದ ಬಡಿದದ್ದರಿಂದಲೋ ಬಂದಿರುತ್ತವೆ. ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ ರೋಲರ್ ಅತಿಯಾಗಿ ಕಾದಿದೆ. ಗ್ರೀಸ್ ಒಣಗಿತ್ತು, ಇಲ್ಲವೇ ನಟ್ ಬಿಗಿಯಾಗಿತ್ತು. ಕಾರಣವನ್ನು ಇಲ್ಲಿಯೇ ಓದಿಕೊಳ್ಳದೆ ಹೊಸದನ್ನು ಹಾಕಿದರೆ ಅದೂ ಇದೇ ದಾರಿ ಹಿಡಿಯುತ್ತದೆ. ಏನೂ ದೋಷ ಕಾಣದಿದ್ದರೆ ಅಲ್ಲಿಗೆ ನಿಲ್ಲಿಸಿ, ಗ್ರೀಸ್ ತುಂಬಿ, ಹೊಸ ಸೀಲ್ ಹಾಕಿ ಮುಚ್ಚಿ, ಟೈರ್ ಮತ್ತು ಡಿಫರೆನ್ಶಿಯಲ್ ಕಡೆಗೆ ಮರಳುವುದು ಸರಿಯಾದ ಕ್ರಮ.

ಬದಲಿಸುವುದಾದರೆ ಕಪ್ ಮತ್ತು ಕೋನ್ ಎರಡನ್ನೂ ಜೊತೆಯಾಗಿಯೇ ಬದಲಿಸಬೇಕು. ಹಳೆಯ ಕಪ್ಪಿಗೆ ಹೊಸ ಕೋನ್ ಹಾಕಿ ಉಳಿಸಿದ ಹಣ ಬೇಗ ಕೈಬಿಡುತ್ತದೆ. ಬಳೆಯ ಮೇಲೆ ಕೊರೆದಿರುವ ನಂಬರನ್ನು ಹಳೆಯದರೊಂದಿಗೆ ಹೋಲಿಸಿ, ನಕಲಿ ಮಾಲಿನ ಹಾವಳಿಯಿರುವುದರಿಂದ ಅಧಿಕೃತ ಮಾರಾಟಗಾರರಿಂದ ಬಿಲ್ ಸಮೇತ ಕೊಳ್ಳುವುದು ಲೇಸು. ಕಪ್ಪನ್ನು ಹಿತ್ತಾಳೆಯ ಸರಳಿನಿಂದ ಸುತ್ತಲೂ ಸಮನಾಗಿ ಬಡಿಯುತ್ತ ಬಂದಾಗ, ಅದು ಪೂರ್ತಿ ಕೂತ ಕ್ಷಣದಲ್ಲಿ ಪೆಟ್ಟಿನ ಸದ್ದು ಟೊಳ್ಳಿನಿಂದ ಗಟ್ಟಿಗೆ ಬದಲಾಗುತ್ತದೆ. ಗ್ರೀಸನ್ನು ಅಂಗೈಯಲ್ಲಿಟ್ಟುಕೊಂಡು ಕೋನಿನ ಅಗಲವಾದ ಅಂಚಿನಿಂದ ಒತ್ತುತ್ತ, ಮೇಲಿನ ಅಂಚಿನಿಂದ ಅದು ಹೊರಬರುವ ತನಕ ತುಂಬಬೇಕು. ಹಳೆಯ ಗ್ರೀಸಿನ ಜೊತೆ ಬೇರೆ ಜಾತಿಯದನ್ನು ಬೆರೆಸಬಾರದು, ಹಬ್ಬಿನ ಪೊಳ್ಳನ್ನು ಪೂರ್ತಿ ತುಂಬಲೂಬಾರದು.

ನಟ್ ಬಿಗಿಸುವಾಗ ಹಬ್ಬನ್ನು ತಿರುಗಿಸುತ್ತಲೇ ಮೊದಲು ಸ್ವಲ್ಪ ಗಟ್ಟಿಯಾಗಿ ಎಳೆದು ರೋಲರುಗಳು ಕೂರುವಂತೆ ಮಾಡಿ, ಬಳಿಕ ಪೂರ್ತಿ ಸಡಿಲಿಸಿ, ಬೆರಳಿನ ಬಲದಷ್ಟೇ ಮತ್ತೆ ತಿರುಗಿಸಿ, ಪಿನ್ನಿನ ತೂತು ಹೊಂದದಿದ್ದರೆ ಬಿಗಿಸುವ ಬದಲು ಹಿಂದಕ್ಕೆ ಬಿಟ್ಟು ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಇಂಥ ಹಬ್ಬುಗಳಿಗೆ ಸಾಮಾನ್ಯವಾಗಿ 0.025ರಿಂದ 0.125 ಮಿಲಿಮೀಟರಿನಷ್ಟು ಪ್ಲೇ ಇರಬೇಕೆಂದು ಹೇಳುತ್ತಾರೆ. ನಿಮ್ಮ ಗಾಡಿಯ ಸರ್ವೀಸ್ ಕೈಪಿಡಿ ಬೇರೆ ಅಳತೆ ಹೇಳಿದರೆ ಅದೇ ಅಂತಿಮ. ಕ್ಯಾಲಿಪರ್ ಮತ್ತು ಚಕ್ರವನ್ನು ಮರಳಿ ಕೂರಿಸಿದ ಮೇಲೆ ಹೊರಡುವ ಮುನ್ನ ಪೆಡಲ್ ಗಟ್ಟಿಯಾಗುವ ತನಕ ಬ್ರೇಕ್ ಒತ್ತಬೇಕು. ಹತ್ತು ಕಿಲೋಮೀಟರ್ ಓಡಿಸಿ ಎರಡೂ ಬದಿಯ ಹಬ್ಬಿನ ಶಾಖವನ್ನು ಮತ್ತೆ ಹೋಲಿಸಿ, ಹೊಸ ಬೇರಿಂಗಿನ ಕಡೆ ಕೈಯಿಡಲಾಗದಷ್ಟು ಕಾದಿದ್ದರೆ ನಟ್ ಬಿಗಿಯಾಗಿದೆಯೆಂದು ತಿಳಿದು ಪುನಃ ಸರಿಪಡಿಸಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಹೊಸ ಕಪ್ಪುಗಳು ತಮ್ಮ ಜಾಗದಲ್ಲಿ ಇನ್ನಷ್ಟು ಕೂತು ಪ್ಲೇ ಹೆಚ್ಚಾಗಿರಬಹುದಾದ್ದರಿಂದ, ಅದೇ ಚಕ್ರವನ್ನು ಇನ್ನೊಮ್ಮೆ ಎತ್ತಿ, ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ ನೋಡಬೇಕು.